ದಾನಮ್ಮ ಜಗಳ ಬಿಟ್ಟಳು

ನಾನು ಇನ್ನೂ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಮನೆಯಲ್ಲಿ ಈ ವಿಷಯ ಆಗಲೇ ಇತ್ಯರ್ಥವಾಗಿ ಹೋಗಿದೆ. ನನ್ನ ಹೆಂಡತಿ ದಾನಮ್ಮ ನನ್ನ ಸಾವನ್ನು ಒಪ್ಪಿಕೊಂಡು ನಿರಾಳವಾಗಿದ್ದಾಳೆ. ಮೊನ್ನೆ ನಾನು ರೊಟ್ಟಿ ಮುರಿಯುತ್ತ ಕೂತಿದ್ದಾಗ ಎದುರಿಗೆ ಬಂದು ನಿಂತು, ನನ್ನ ಮುಖವನ್ನು ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ನೋಡಿ, "ಏನ್ರಿ, ಗ್ವಾಡಿಗೆ ಹಾಕೂ ಫೋಟೋದಾಗ ಚಸ್ಮಾ ಇರ್ಲೋ, ಬ್ಯಾಡೋ?" ಎಂದು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಪಲ್ಯಕ್ಕೆ ಬದನೆಕಾಯಿ ಮಾಡಲೋ ಹೀರೇಕಾಯಿ ಮಾಡಲೋ ಎಂದು ಕೇಳುವ ಹಾಗೆ ಕೇಳಿದಳು.

ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. "ಲೇ, ನಾ ಇನ್ನೂ ಉಣ್ಣಾಕತ್ತೇನಿ" ಎಂದೆ.

"ಉಣ್ರಿ, ಉಣ್ರಿ. ಸಾವಕಾಶ ಉಣ್ರಿ" ಎಂದು ನೀರಿನ ತಂಬಿಗೆ ಹತ್ತಿರ ಸರಿಸಿದಳು.

ನನ್ನ ಹೆಸರು ಶಿವಯೋಗಿ. ಹುಬ್ಬಳ್ಳಿಯವನು. ಬೆಂಗಳೂರಿನಿಂದ ನಮ್ಮೂರಿಗೆ ಒಂದು ಗಂಟೆಯಲ್ಲಿ ರೈಲು ಬಂದು ನಿಲ್ಲುವ ಕಾಲ ಇದು. ಆದರೆ ಹಾಳಾದ ಕಿಡ್ನಿಗೆ ಮದ್ದು ಮಾತ್ರ ಇನ್ನೂ ಯಾವ ಊರಿನಿಂದಲೂ ಬಂದಿಲ್ಲ. ನನ್ನ ಎರಡೂ ಕಿಡ್ನಿಗಳು ಕೈಕೊಟ್ಟು ನಾಲ್ಕು ವರ್ಷವಾಯಿತು. ಊರ ಹೊರಗಿನ ದೊಡ್ಡ ಆರೋಗ್ಯ ಸೇವಾ ಸಂಸ್ಥೆಯಲ್ಲಿ ನಾನು ಯಂತ್ರ ರಿಪೇರಿಯವನು, ದಾನಮ್ಮ ಅಲ್ಲೇ ರೋಗಿಗಳ ಸಹಾಯ ಕೌಂಟರಿನ ಮುಖ್ಯಸ್ಥೆ. ನೌಕರರ ಮನೆಯವರಿಗೆಲ್ಲ ಡಯಾಲಿಸಿಸ್ ಪುಕ್ಕಟೆ. ಹಾಗಾಗಿ ನಾನು ರಿಪೇರಿ ಮಾಡಿದ ಯಂತ್ರವೇ ನನ್ನ ರಕ್ತವನ್ನು ತೊಳೆಯುತ್ತಿತ್ತು. ಕೆಟ್ಟರೆ ಬೈಯಲು ಬೇರೆ ಯಾರೂ ಇರಲಿಲ್ಲ.

ದಾನಮ್ಮನ ಜಗಳದ ಬಗ್ಗೆ ಹೇಳದಿದ್ದರೆ ಈ ಕಥೆ ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಕಡೆ ಜಗಳವೆಂದರೆ ಬರೀ ಬಾಯಿಚಪಲವಲ್ಲ, ಅದೊಂದು ಕೆಲಸ ಮಾಡುವ ರೀತಿ. ಕೌಂಟರಿನ ಮುಂದೆ ನಿಂತು ನಾಲ್ಕು ಮಂದಿಗೆ ಕೇಳುವ ಹಾಗೆ ದನಿ ಏರಿಸದಿದ್ದರೆ ಯಾವ ಕಚೇರಿಯಲ್ಲೂ ಕಾಗದ ಮೇಜಿನಿಂದ ಮೇಜಿಗೆ ಜರುಗುವುದಿಲ್ಲ. ಆ ವಿದ್ಯೆಯಲ್ಲಿ ನನ್ನ ಹೆಂಡತಿ ಎತ್ತಿದ ಕೈ. ಒಮ್ಮೆ ನಮ್ಮ ಓಣಿಗೆ ಬರಬೇಕಾದ ನೀರಿನ ಟ್ಯಾಂಕರು ಯಾರದೋ ಮದುವೆ ಮನೆಗೆ ಹೊರಟಿದ್ದಾಗ ರಸ್ತೆಗೆ ಅಡ್ಡ ಕೂತು, ಅದನ್ನು ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ನಮ್ಮ ಓಣಿಯವರೆಗೂ ತಂದು ನಿಲ್ಲಿಸಿದವಳು ಅವಳು. ಕನ್ಯೆ ನೋಡಲು ಹೋದ ದಿನವೇ ನಮ್ಮ ಸೋದರಮಾವನಿಗೆ, "ನಡದ ತೋರ್ಸು ಅಂತೀರಲ್ಲ, ನಾ ಏನ್ ಎತ್ತೇನ್ರಿ? ನಿಮ್ಮ ಹುಡುಗನ್ನ ಮೊದ್ಲ ನಡಸ್ರಿ" ಎಂದಿದ್ದಳು. ಮಾವ ಚಹಾ ಬಿಟ್ಟು ಎದ್ದು ಹೋದ. ನಾನು ನಡೆದು ತೋರಿಸಿದೆ. ಮದುವೆಯಾಯಿತು.

ಆಸ್ಪತ್ರೆಯ ಕೌಂಟರಿನಲ್ಲೂ ಅಷ್ಟೆ. ಹಳ್ಳಿಯಿಂದ ಬಂದ ಮುದುಕಿಯ ರಕ್ತಪರೀಕ್ಷೆಯ ಚೀಟಿ ಕಳೆದುಹೋದರೆ ದಾನಮ್ಮ ಲ್ಯಾಬಿನ ಬಾಗಿಲಿಗೇ ಹೋಗಿ, "ಯಪ್ಪಾ, ನಿಮ್ಮ ಅವ್ವನ ರಕ್ತಾ ಆಗಿದ್ರ ಹಿಂಗ ಕಳೀತಿದ್ರೇನು?" ಎಂದು ಶುರುಮಾಡುವಳು. ಚೀಟಿ ಸಿಗುತ್ತಿತ್ತು. ಬೈಸಿಕೊಂಡವರು ಸಂಜೆ ಬಂದು ಅವಳ ಡಬ್ಬಿಯಿಂದಲೇ ಶೇಂಗಾ ಚಟ್ನಿ ತಿಂದು ಹೋಗುತ್ತಿದ್ದರು.

ಇಂಥ ಮಂದಿಯನ್ನು ಬದಲಾಯಿಸುವ ಹುಚ್ಚು ಸಂಸ್ಥೆಗೆ ಹಿಡಿಯಿತು. ಮೊದಲು ಪಾಳಿಯ ಸಮಯ ಬದಲಿಸಿದರು. ಆಯಾಗಳು, ವಾರ್ಡ್‌ಬಾಯ್‌ಗಳು ಎಲ್ಲರೂ ಪೋರ್ಟಿಕೋದಲ್ಲಿ ಕೂತುಬಿಟ್ಟರು, ನಡುವೆ ದಾನಮ್ಮ. ಪಾಳಿ ಹಿಂದಿನಂತೆಯೇ ಆಯಿತು. ಆಮೇಲೆ ಸಹಾಯ ಕೌಂಟರನ್ನೇ ತೆಗೆದು ಮಾತಾಡುವ ಯಂತ್ರ ನಿಲ್ಲಿಸಿದರು. ಯಾರೋ ಅದಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು, ರೋಗಿಗಳು ಬಂದು ಕೈಮುಗಿಯತೊಡಗಿದರು, ಒಬ್ಬಾಕೆ ಮಗಳ ಮದುವೆ ಯಾವಾಗ ಎಂದು ಕೇಳಿದಳು. ಯಂತ್ರ ಗೋದಾಮಿಗೆ ಹೋಯಿತು. ಮೂರನೆಯ ಸಲ ತರಬೇತಿ ಎಂದು ಎಲ್ಲರನ್ನೂ ದುಂಡಗೆ ಕೂರಿಸಿ ಕೈಯಿಂದ ಕೈಗೆ ಚೆಂಡು ದಾಟಿಸುವ ಆಟ ಆಡಿಸಿದರು. ಚೆಂಡು ದಾಟಿಸಿದೆವು, ಸಮೋಸಾ ತಿಂದೆವು, ಮರುದಿನದಿಂದ ಎಲ್ಲ ಮೊದಲಿನಂತೆಯೇ ನಡೆಯಿತು.

ಆಗ ಬಂದವಳು ವಿಭಾ ಮೇಡಂ, ಬದಲಾವಣೆ ಅಧಿಕಾರಿ ಎಂದು ಬೆಂಗಳೂರಿನಿಂದ. ಚಿಕ್ಕ ವಯಸ್ಸು, ನಗುಮುಖ. ಒಳ್ಳೆಯವಳು ಎಂದು ಈಗಲೂ ಹೇಳುತ್ತೇನೆ. ಒಳ್ಳೆಯವರಿಂದ ಆಗುವ ಹಾನಿಯನ್ನು ಬೈಯುವುದು ಕಷ್ಟ. ಸಭೆಯಲ್ಲಿ ಪರದೆಯ ಮೇಲೆ ಒಂದು ಗೆರೆ ತೋರಿಸಿದಳು. ತಗ್ಗಿಗೆ ಇಳಿದು ಮತ್ತೆ ಏರುವ ಗೆರೆ.

"ಯಾವ ಸಂಸ್ಥೇಲಿ ಬದಲಾವಣೆ ಬಂದ್ರೂ ಜನ ಈ ದಾರೀಲೇ ಹೋಗ್ತಾರೆ. ಮೊದ್ಲು ನಂಬಲ್ಲ. ಆಮೇಲೆ ಸಿಟ್ಟು, ಆಮೇಲೆ ಚೌಕಾಸಿ, ಆಮೇಲೆ ದುಃಖ, ಕೊನೆಗೆ ಒಪ್ಪಿಗೆ. ಮನೇಲಿ ಸಾವಾದಾಗ ಆಗೋದೂ ಇದೇ. ಈ ನಡುವಿನ ತಗ್ಗು ದಾಟೋಕೆ ವರ್ಷಗಳು ಬೇಕು. ಅಷ್ಟರಲ್ಲಿ ಸೇವೆ ಹಾಳಾಗತ್ತೆ. ಆ ತಗ್ಗೇ ಇಲ್ಲದಿದ್ರೆ?"

ಆ ತಗ್ಗನ್ನು ಮುಚ್ಚುವ ಉಪಕರಣವೇ ಕಿವಿಪಟ್ಟಿ. ಕಿವಿಯ ಹಿಂದೆ ಅಂಟಿಕೊಳ್ಳುವ, ಹುಣಸೆಬೀಜದಷ್ಟು ಸಣ್ಣ ವಸ್ತು. ನಾನು ಅದನ್ನು ಬಿಚ್ಚಿ ನೋಡಿದವನು, ಆದ್ದರಿಂದ ತಿಳಿದಷ್ಟು ಹೇಳುತ್ತೇನೆ. ನಾವು ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು ಎಂದಾಗ ಮಿದುಳಿನ ಮುಂಭಾಗದ ಒಳಮಗ್ಗುಲಲ್ಲಿ ಒಂದು ಎಚ್ಚರಿಕೆ ಏಳುತ್ತದೆ. 'ಇದು ಸರಿಯಿಲ್ಲ' ಎಂಬ ಎಚ್ಚರಿಕೆ. ಸಿಟ್ಟು, ವಾದ, ಅಳು ಎಲ್ಲ ಅದರ ಬೆನ್ನಿಗೆ ಬರುತ್ತವೆ. ಪಟ್ಟಿ ಆ ಎಚ್ಚರಿಕೆಯನ್ನು ಗುರುತಿಸಿ, ಕಿವಿಗೆ ಕೇಳದ ಸಣ್ಣ ಶಬ್ದದ ಅಲೆಗಳಿಂದ ಅದನ್ನು ತಟ್ಟಿ ಮಲಗಿಸುತ್ತದೆ. ಬೆನ್ನಿಗೆ ಬರಬೇಕಾದದ್ದು ಬರುವುದೇ ಇಲ್ಲ, ನೇರ ಒಪ್ಪಿಗೆ. ಹೊಲದ ನಡುವೆ ಮಂದಿ ಓಡಾಡಿ ಓಡಾಡಿ ಕಾಲುದಾರಿ ಬೀಳುತ್ತದಲ್ಲ, ಹಾಗೆ ಕೆಲವು ತಿಂಗಳಲ್ಲಿ ಮಿದುಳಿನಲ್ಲೇ ಆ ದಾರಿ ಬೀಳುತ್ತದೆ. ಆಮೇಲೆ ಪಟ್ಟಿ ತೆಗೆದರೂ ನಡಿಗೆ ಅದೇ ದಾರಿಯಲ್ಲಿ.

"ಇದರ ದೊಡ್ಡ ಗುಣ ಅಂದ್ರೆ, ಒಮ್ಮೆ ಒಪ್ಪಿಕೊಂಡದ್ದನ್ನ ಅವರು ಬಿಡೋದೇ ಇಲ್ಲ. ಹಳೇದಕ್ಕೆ ವಾಪಸ್ ಜಾರೋ ಭಯ ಇಲ್ಲ" ಎಂದಳು ವಿಭಾ.

ವೈದ್ಯರಿಗೆ ಪಟ್ಟಿಯಿಂದ ವಿನಾಯಿತಿ. ರೋಗಿಯ ಸಾವನ್ನು ಅರ್ಧ ಆಪರೇಷನ್ನಿನಲ್ಲೇ ಒಪ್ಪಿಕೊಂಡುಬಿಡುವ ಸರ್ಜನ್ ಯಾರಿಗೆ ಬೇಕು? ಯಂತ್ರದವರಿಗೂ ವಿನಾಯಿತಿ. ಪಟ್ಟಿ ಹಾಕಿದವನು ಕೆಟ್ಟ ಯಂತ್ರವನ್ನೂ 'ಇರಲಿ ಬಿಡು' ಎನ್ನುತ್ತಾನೆ. ಪಟ್ಟಿ ತಂದ ವಿಭಾಳಿಗೂ ವಿನಾಯಿತಿ. ಉಳಿದವರೆಲ್ಲ ಹಾಕಿಕೊಳ್ಳಬೇಕು. ದಾನಮ್ಮ ಖಡಾಖಂಡಿತ ಒಲ್ಲೆ ಎಂದಳು.

"ನನ್ನ ಸಿಟ್ಟು ನಾ ತವರಿಂದ ತಂದದ್ದು. ಇವರಪ್ಪನ ಮನಿದಲ್ಲ, ಕೊಡಾಕ!"

ಆದರೆ ಹಾಕದವರು ನೌಕರಿ ಬಿಡಬೇಕು ಎಂದಾಯಿತು. ನನ್ನನ್ನು ಆ ಹೊತ್ತಿಗೆ ಕಾಯಿಲೆಯ ಕಾರಣಕ್ಕೆ ದಿನಗೂಲಿಗೆ ಇಳಿಸಿದ್ದರು. ದಿನಗೂಲಿಯವರಿಗೆ ಪುಕ್ಕಟೆ ಸೇವೆ ಇಲ್ಲ; ಅವಳ ನೌಕರಿ ಹೋದರೆ ನನ್ನ ಡಯಾಲಿಸಿಸ್ ಹೋಗುತ್ತದೆ. ಆ ಸಂಜೆ ಅಡುಗೆಮನೆಯಲ್ಲಿ ಹಿಟ್ಟು ಬಡಿಯುತ್ತ, ಸಂಸ್ಥೆಗೂ ವಿಭಾಗೂ ನನ್ನ ಕಿಡ್ನಿಗೂ ಒಟ್ಟಿಗೆ ಬೈದಳು. ಕೊನೆಗೆ ಕೈ ತೊಳೆದು ಬಂದು, "ನಿಮ್ಮ ಸಲುವಾಗಿ ಹಾಕ್ಕೊಳ್ಳಾಕತ್ತೇನಿ. ನೆನಪಿರ್ಲಿ. ನಾ ಮೆತ್ತಗಾದ್ರ ಮತ್ತ ನೀವು ಹೆಂಗಸರಂಗ ಅಳಬಾರ್ದು" ಎಂದಳು. ನಾನು ನಕ್ಕೆ. ಅದು ನಮ್ಮಿಬ್ಬರ ಕೊನೆಯ ಜಗಳ, ಮತ್ತು ನಾನು ಅದರಲ್ಲಿ ನಕ್ಕೆ.

ಪಟ್ಟಿ ಬಂದ ಮೇಲೆ ಸಂಸ್ಥೆ ಹೂವಿನಂತಾಯಿತು. ಪಾಳಿ ಬದಲಾಯಿತು, ಎಲ್ಲರೂ ಸಮಯಕ್ಕೆ ಬಂದರು. ನೌಕರರ ಸಂಘ ತನ್ನನ್ನು ತಾನೇ ವಿಸರ್ಜಿಸಿಕೊಂಡು ಕಡೆಯ ಸಭೆಯಲ್ಲಿ ಚಪ್ಪಾಳೆ ಹೊಡೆಯಿತು. ಮಂದಿ ಎದುರಾದಾಗ 'ಊಟಾ ಆತೇನ್ರಿ' ಎನ್ನುವ ಬದಲು 'ಒಪ್ಪಿಗಿ ಆತೇನ್ರಿ' ಎನ್ನತೊಡಗಿದರು. ಒಂದು ದಿನ ಲಿಫ್ಟ್ ಕೆಟ್ಟಿತು. ಬಿಡಿಭಾಗ ಬರುವುದು ತಡವಾಯಿತು. ವಾರ್ಡ್‌ಬಾಯ್‌ಗಳು ಒಂದು ಮಾತಿಲ್ಲದೆ ಸ್ಟ್ರೆಚರನ್ನು ಮೆಟ್ಟಿಲ ಮೇಲೆ ಹೊತ್ತರು. ನಾನು ಕಷ್ಟಪಟ್ಟು ಲಿಫ್ಟ್ ರಿಪೇರಿ ಮಾಡಿದ ಮೇಲೂ ಹೊರುತ್ತಲೇ ಇದ್ದರು. "ಯಾಕ್ರಪ್ಪಾ?" ಎಂದರೆ, "ಮೆಟ್ಟಲು ಅಂತ ಆಗೇತಲ್ರಿ ಈಗ" ಎಂದು ಬೆವರು ಒರೆಸಿಕೊಂಡರು. ಸ್ಟ್ರೆಚರಿನ ಮೇಲಿನ ಮುದುಕ ಕಂಬಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಆತನಿಗೆ ಪಟ್ಟಿ ಇರಲಿಲ್ಲ.

ಸಹಾಯ ಕೌಂಟರಿನಲ್ಲಿ ದಾನಮ್ಮ ಚೀಟಿ ಕಳೆದುಕೊಂಡವರಿಗೆ ಈಗ ಹೀಗೆ ಹೇಳುತ್ತಿದ್ದಳು: "ಹೌದವಾ, ಕಳದೈತಿ. ತಪ್ಪು ನಮ್ಮದ. ಏನ್ ಮಾಡೂದು, ಕಳದೈತಿ." ದನಿಯಲ್ಲಿ ಬೆಣ್ಣೆ. ಮುದುಕಿಯರು ಬಂದ ದಾರಿಗೆ ಸುಂಕವಿಲ್ಲ ಎಂದು ಎದ್ದು ಹೋಗುತ್ತಿದ್ದರು. ದೂರುಗಳ ಸಂಖ್ಯೆ ಇಳಿದಿದೆ ಎಂದು ಸಂಸ್ಥೆಗೆ ಪ್ರಶಸ್ತಿ ಬಂತು.

ಇಷ್ಟರಲ್ಲಿ ನನ್ನ ಕೈಯ ನಾಳಗಳು ಸೂಜಿ ತಿಂದು ತಿಂದು ಸೋತವು. ಕಿಡ್ನಿ ವೈದ್ಯೆ ಡಾಕ್ಟರ್ ರೆಹಾನಾ ಬೆಟಗೇರಿ ನನ್ನನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು: "ಶಿವಯೋಗಿಯವರ, ಡಯಾಲಿಸಿಸ್ ಇನ್ನ ಭಾಳ ದಿನಾ ನಡಿಯಂಗಿಲ್ರಿ. ಬ್ಯಾರೆ ಕಿಡ್ನಿ ಹಾಕಬೇಕು." ಪಟ್ಟಿ ಹಾಕಿಕೊಂಡಿದ್ದ ದಾನಮ್ಮ ಈ ಮಾತು ಕೇಳಿದ ದಿನವೇ, ನಾನು ಹೋಗುವವನು ಎಂದು ಒಪ್ಪಿಕೊಂಡುಬಿಟ್ಟಳು. ಅಣ್ಣನಿಗೆ ಸಕ್ಕರೆ ಕಾಯಿಲೆ, ಅವನದು ಬರುವುದಿಲ್ಲ. ಸತ್ತವರ ಕಿಡ್ನಿಗೆ ಸಾಲು ನನ್ನ ಆಯುಷ್ಯಕ್ಕಿಂತ ಉದ್ದ. ದಾನಮ್ಮನ ರಕ್ತ ಪರೀಕ್ಷಿಸಿದರು. ಹೊಂದಿತು. ಅಣ್ಣತಮ್ಮಂದಿರಿಗೂ ಹೊಂದದಷ್ಟು ಚೆನ್ನಾಗಿ ಹೊಂದಿತು.

ನಾನು ಖುಷಿಯಿಂದ ಎದ್ದು ನಿಂತೆ. ರೆಹಾನಾ ಮೇಡಂ ಏಳಲಿಲ್ಲ.

"ಕೂಡ್ರಿ. ಒಂದು ತೊಡಕು ಐತಿ. ಪಟ್ಟಿ ಹಾಕ್ಕೊಂಡವರು ಕೇಳಿದ್ದಕ್ಕೆಲ್ಲಾ ಹೂಂ ಅಂತಾರ. ಅಂಥವರ ಹೂಂ ಅಂಗದಾನಕ್ಕ ನಡಿಯಂಗಿಲ್ಲ ಅಂತ ಕಾನೂನು ಆಗೇತ್ರಿ. ಇಲ್ಲಂದ್ರ ಮಂದಿ ಪಟ್ಟಿ ಹಾಕ್ಸಿ ಹಾಕ್ಸಿ ಕಿಡ್ನಿ ತಗೀತಿದ್ರು."

"ಮತ್ತ?"

"ಅಂಗದಾನದ ಸಮಿತಿ ಮುಂದ ಆಕಿ ಒಮ್ಮೆ 'ಬ್ಯಾಡ' ಅನ್ನಬೇಕು. ಒಂದ ಸಲ. ಬಾಯಿಪಾಠ ಅಲ್ಲ, ಒಳಗಿಂದ. ಯಂತ್ರದಾಗ ಕಾಣಬೇಕು ಅದು. ಅವರು ಮೊದ್ಲ ಏನರ ಅನ್ಯಾಯದ ಮಾತು ಕೇಳ್ತಾರ. ಆಕಿ ಬ್ಯಾಡ ಅಂದ್ರ, ಈಕಿಗೆ ಇನ್ನೂ ಸ್ವಂತ ಮನಸ್ಸು ಐತಿ ಅಂತ ತಿಳಕೊಂಡು, ಆಮ್ಯಾಲ ಆಕಿ ಹೇಳಿದ್ದನ್ನ ಒಪ್ಪತಾರ. ಪಟ್ಟಿ ಇವತ್ತ ತಗಿಸಿಬಿಡ್ರಿ. ಸಂಸ್ಥೆಗೆ ನಾ ಬರೀತೀನಿ."

ಜೀವಮಾನವಿಡೀ ಬ್ಯಾಡ ಬ್ಯಾಡ ಎಂದೇ ಬದುಕಿದ ಹೆಂಗಸು. ಒಂದು ಬ್ಯಾಡಕ್ಕೆ ನನ್ನ ಜೀವ ತೂಗಿಬಿದ್ದಿತ್ತು.

ಪಟ್ಟಿ ತೆಗೆಸಿದೆವು. ಕಾಲುದಾರಿ ಅಳಿಸಲು ಎಷ್ಟು ಕಾಲ ಬೇಕು ಎಂದು ವಿಭಾಳನ್ನು ಕೇಳಿದೆ. ಗೊತ್ತಿಲ್ಲ ಎಂದಳು. ಕಿವಿಪಟ್ಟಿ ತಯಾರಿಸಿದವರು ಹೋಗುವ ದಾರಿಯನ್ನಷ್ಟೇ ಪರೀಕ್ಷಿಸಿದ್ದರು, ಬರುವ ದಾರಿಯನ್ನು ಯಾರೂ ನೋಡಿರಲಿಲ್ಲ. ಆದರೂ ಬದಲಾವಣೆ ಕೊಠಡಿಗೆ ದಾನಮ್ಮನನ್ನು ಕರೆದುಕೊಂಡು ಬಾ ಎಂದಳು. ಆ ಕೊಠಡಿಯ ಗೋಡೆ ತುಂಬ ಪರದೆಗಳು, ಒಬ್ಬೊಬ್ಬ ನೌಕರನ ಒಳಗಿನ ಎಚ್ಚರಿಕೆ ತೋರಿಸುವ ಒಂದೊಂದು ಹಸಿರು ಗೆರೆ. ಎಲ್ಲವೂ ಕೆರೆಯ ನೀರಿನಷ್ಟು ಸಮ. ದಾನಮ್ಮನ ತಲೆಗೆ ತಂತಿಯ ಟೋಪಿ ಹಾಕಿ ಕೂರಿಸಿದರು. ನನ್ನ ಜೊತೆ ರಿಪೇರಿ ಕೆಲಸ ಮಾಡುವ ಮೆಹಬೂಬ ಯಂತ್ರದ ಮುಂದೆ ಕೂತ.

"ದಾನಮ್ಮ, ನಿಮ್ಮ ಸಂಬಳ ಅರ್ಧಕ್ಕೆ ಇಳಿಸಿದ್ದೀವಿ" ಎಂದಳು ವಿಭಾ.

"ಹೌದೇನ್ರಿ? ಆಗ್ಲಿ."

ಮೆಹಬೂಬ ನನ್ನ ಮೊಣಕೈ ತಿವಿದ. "ಶಿವಣ್ಣ, ನೋಡಲ್ಲಿ!"

ನೋಡಿದೆ. ಗೆರೆ ಎದ್ದಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮಲಗಿತ್ತು. ಇನ್ನೊಮ್ಮೆ ಕೇಳಿಸಿದೆವು, ಇನ್ನೊಂದು ಅನ್ಯಾಯ ಹೇಳಿಸಿದೆವು. ಪ್ರತಿ ಸಲವೂ ಏಳುತ್ತಿತ್ತು, ಮಲಗುತ್ತಿತ್ತು. ಅಂದರೆ ಅವಳ ಸಿಟ್ಟು ಸತ್ತಿಲ್ಲ! ಒಳಗೆ ಹುಟ್ಟುತ್ತಿದೆ, ಹುಟ್ಟಿದ ಕೂಡಲೇ ಯಾರೋ ಬಾಯಿ ಮುಚ್ಚುತ್ತಿದ್ದಾರೆ. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ದೊಡ್ಡ ಸಿಟ್ಟು ಹುಟ್ಟಿದರೆ ಮಲಗಿಸಲು ಆಗಲಿಕ್ಕಿಲ್ಲ ಎಂದುಕೊಂಡೆ. ಅಷ್ಟು ದೊಡ್ಡ ಸಿಟ್ಟು ಎಬ್ಬಿಸುವುದು ನನ್ನ ಕೆಲಸ ಎಂದುಕೊಂಡೆ.

ಅಲ್ಲಿಂದ ಮನೆಯಲ್ಲಿ ನನ್ನ ನಾಟಕ ಶುರುವಾಯಿತು. ಸಾರು ಚೆಲ್ಲಿದೆ, ಒರೆಸಿದಳು. ಅವಳ ತಂಗಿಯ ಗಂಡನನ್ನು ಕಳ್ಳ ಎಂದೆ; "ಇರಬಹುದ್ರಿ" ಎಂದಳು. ಅವಳ ತವರಿನ ರೊಟ್ಟಿ ಚಪ್ಪಲಿಯಷ್ಟು ದಪ್ಪ ಎಂದೆ. ಹಿಂದೆ ಈ ಮಾತಿಗೆ ಎರಡು ದಿನ ಒಲೆ ಹೊತ್ತಿರಲಿಲ್ಲ. ಈಗ, "ಹೌದು ನೋಡ್ರಿ, ಅವ್ವಗ ತೆಳ್ಳಗ ಬಡಿಯಾಕ ಬರ್ತಿರ್ಲಿಲ್ಲ" ಎಂದು ತನ್ನ ಸತ್ತ ತಾಯಿಯನ್ನು ನನಗೆ ಬಿಟ್ಟುಕೊಟ್ಟಳು.

ಆಮೇಲೆ ನಾನು ಮಾಡಬಾರದ್ದನ್ನು ಮಾಡಿದೆ. ಅವಳ ತಾಯಿ ಮದುವೆಗೆ ಕೊಟ್ಟ ಇಳಕಲ್ ಸೀರೆ ಪೆಟ್ಟಿಗೆಯಲ್ಲಿತ್ತು. ಗೋಪುರದ ಸಾಲು ನೇಯ್ದ ತೋಪುತೆನೆ ಸೆರಗಿನದು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಮುಖಕ್ಕೆ ಒತ್ತಿಕೊಂಡು, ಮಡಚಿ ಇಡುತ್ತಿದ್ದಳು. ಅದನ್ನು ತೆಗೆದು ಅವಳ ಕಣ್ಣೆದುರಿಗೇ ಕತ್ತರಿ ಹಾಕಿದೆ. ಸೆರಗು ಕತ್ತರಿಸುತ್ತ, 'ಹೊಡಿ, ಬೈ, ನನ್ನ ಕೊರಳಪಟ್ಟಿ ಹಿಡಿ' ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವಳು ನಿಂತು ನೋಡಿದಳು. ತುಟಿ ಒಂದು ಸಲ ಅಲುಗಿತು. ದೇವರೇ, ಬಂತು ಎಂದುಕೊಂಡೆ.

"ದಿಂಬಿಗೆ ಗವಸು ಮಾಡೂಣ್ರಿ. ಛಲೋ ಬಟ್ಟಿ ಐತಿ" ಎಂದಳು.

ಸಂಜೆಗೆ ಹೊಲಿದೂ ಬಿಟ್ಟಳು. ಅವತ್ತಿನಿಂದ ನಾನು ಆ ದಿಂಬಿನ ಮೇಲೆ ಮಲಗುತ್ತಿದ್ದೇನೆ. ಮಲಗುತ್ತೇನೆ ಎನ್ನುವುದು ಬರೀ ಮಾತಿಗೆ.

ಇಷ್ಟೆಲ್ಲ ಆದರೂ ಅವಳ ಸೇವೆಯಲ್ಲಿ ಒಂದು ಕೂದಲಿನಷ್ಟೂ ಕಡಿಮೆಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಉಪ್ಪಿಲ್ಲದ ಅಡುಗೆ ರುಚಿಯಾಗಲೆಂದು ಹುಳಿ, ಜೀರಿಗೆ ಹಾಕಿ ಏನೇನೋ ಮಾಡುವಳು. ಬಾವು ಬಂದ ಕಾಲನ್ನು ತೊಡೆಯ ಮೇಲಿಟ್ಟು ಒತ್ತುವಳು. ಒತ್ತುತ್ತಲೇ, ನಾನು ಹೋದ ಮೇಲೆ ಮುಂದಿನ ಕೋಣೆ ಬಾಡಿಗೆಗೆ ಕೊಡುವುದೋ, ತಂಗಿಯನ್ನು ಕರೆದು ಇಟ್ಟುಕೊಳ್ಳುವುದೋ ಎಂದು ನನ್ನ ಅಭಿಪ್ರಾಯ ಕೇಳುವಳು. ಪ್ರೀತಿ ಇತ್ತು. ಪ್ರೀತಿಗೆ ಇದ್ದ ಹಲ್ಲುಗಳು ಮಾತ್ರ ಉದುರಿದ್ದವು. ನನಗೆ ಬೇಕಾಗಿದ್ದದ್ದು ಆ ಹಲ್ಲುಗಳೇ.

ಸಮಿತಿಯ ದಿನ ಬಂತು. ದಾನಮ್ಮ ತಲೆ ಬಾಚಿ, ಕುಂಕುಮ ಇಟ್ಟು, ನನ್ನ ಅಂಗಿಯ ಗುಂಡಿ ಹಾಕಿ ಹೊರಡಿಸಿದಳು. ಬಸ್ಸಿನಲ್ಲಿ ನಾನು ಅವಳ ಕೈ ಹಿಡಿದುಕೊಂಡು ಪಾಠ ಹೇಳಿದೆ. "ದಾನಿ, ಅವರು ಒಂದು ಅನ್ಯಾಯದ ಮಾತು ಹೇಳ್ತಾರ. ನಿಂಗ ಒಳಗ ಏನರ ಕುಟುಕಿದಂಗ ಆದ್ರ, ಅದನ್ನ ಬಿಡಬ್ಯಾಡ, ಗಟ್ಟ್ಯಾಗಿ ಹಿಡಕೋ."

"ಹಿಡ್ಕೋತೀನ್ರಿ. ನೀವು ಧಾವತಿ ಮಾಡ್ಕೋಬ್ಯಾಡ್ರಿ" ಎಂದಳು.

ಸಮಿತಿಯಲ್ಲಿ ಮೂವರಿದ್ದರು. ನಡುವೆ ಕೂತವರು ನಿವೃತ್ತ ನ್ಯಾಯಾಧೀಶರು, ನರೆಗೂದಲಿನ ಗಂಭೀರ ಮನುಷ್ಯ. ರೆಹಾನಾ ಮೇಡಂ ನನ್ನ ಪಕ್ಕಕ್ಕೆ ನಿಂತರು, ವಿಭಾ ಬಾಗಿಲ ಬಳಿ. ದಾನಮ್ಮನಿಗೆ ಟೋಪಿ ಹಾಕಿದರು. ಪರದೆಯ ಮುಂದೆ ಮೆಹಬೂಬನೇ ಕೂತಿದ್ದ. ಅವನು ನನ್ನ ಕಡೆ ನೋಡಲಿಲ್ಲ, ತುಟಿಯಲ್ಲಿ ಏನೋ ಪಠಿಸುತ್ತಿದ್ದ.

"ತಾಯಿ," ಎಂದರು ನ್ಯಾಯಾಧೀಶರು, "ನಿಮ್ಮ ಕಿಡ್ನಿ ತೆಗೆಯುತ್ತೇವೆ. ಆದರೆ ಅದನ್ನು ನಿಮ್ಮ ಯಜಮಾನರಿಗೆ ಕೊಡುವುದಿಲ್ಲ. ಹಣ ಇರುವ ಬೇರೆ ಯಾರಿಗೋ ಕೊಡುತ್ತೇವೆ. ನಿಮ್ಮ ಯಜಮಾನರು ಹಾಗೆಯೇ ಸಾಯುತ್ತಾರೆ. ಆಗಬಹುದೋ?"

ಗೆರೆ ಎದ್ದಿತು. ಹಿಂದೆಂದೂ ಏಳದಷ್ಟು ಎತ್ತರಕ್ಕೆ ಎದ್ದಿತು. ದಾನಮ್ಮನ ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು. ಬಿಡಬ್ಯಾಡ, ದಾನಿ, ಬಿಡಬ್ಯಾಡ.

ಗೆರೆ ಮಲಗಿತು.

"ಆಗ್ಲಿ ತಗೋರಿ. ಅವ್ರದೂ ಒಂದು ಜೀವಾನ ಅಲ್ರಿ" ಎಂದಳು.

ಮೆಹಬೂಬ ಹಣೆಗೆ ಕೈ ಹಚ್ಚಿದ. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ಅವರಿಗೂ ಬೇಸರವಾಗಿತ್ತು. ಕ್ರಮದಂತೆ ಕೊನೆಯ ಪ್ರಶ್ನೆಯೊಂದು ಬಾಕಿ ಇತ್ತು; ಅದನ್ನು ಕೇಳಿ ಮುಗಿಸಬೇಕಿತ್ತು, ಅಷ್ಟೇ.

"ಇರಲಿ. ಈಗ ನಿಜವಾದ ಮಾತು. ನಿಮ್ಮ ಕಿಡ್ನಿಯನ್ನು ನಿಮ್ಮ ಯಜಮಾನರಿಗೆ ಹಾಕಿದರೆ ಅವರು ಬದುಕುತ್ತಾರೆ. ಇನ್ನೂ ಬಹಳ ವರ್ಷ ಬದುಕಬಹುದು. ಕೊಡುತ್ತೀರಾ?"

ದಾನಮ್ಮ ನನ್ನ ಕಡೆ ತಿರುಗಿ ನೋಡಿದಳು. ಮದುವೆಯಾದಂದಿನಿಂದ ನೋಡಿದ ಅದೇ ಕಣ್ಣುಗಳು. ಗೆರೆ ಎದ್ದಿತು. ಎದ್ದದ್ದು ಮಲಗಲಿಲ್ಲ. ನಿಂತೇ ಇತ್ತು. ಮೆಹಬೂಬ ಕುರ್ಚಿಯಿಂದ ಅರ್ಧ ಎದ್ದ.

"ಬ್ಯಾಡ್ರಿ" ಎಂದಳು ದಾನಮ್ಮ.

ಮೆಹಬೂಬ ಪರದೆಯನ್ನೂ ಅವಳನ್ನೂ ತಿರುತಿರುಗಿ ನೋಡಿದ.

"ಬ್ಯಾಡ್ರೀ ಸಾಹೇಬ್ರ," ಎಂದಳು ಮತ್ತೆ, ಈ ಸಲ ಸ್ವಲ್ಪ ದನಿ ಏರಿಸಿ. ಎಷ್ಟೋ ದಿನಗಳ ಮೇಲೆ ಆ ದನಿ ಕೇಳಿದೆ. ಟ್ಯಾಂಕರಿಗೆ ಅಡ್ಡ ಕೂತವಳ ದನಿ. "ಇವ್ರು ಹೋಗ್ತಾರ ಅಂತ ಆಗೇತಲ್ರಿ. ನಾ ಎಲ್ಲಾ ಮನಸ್ಸಿಗೆ ತಂದ್ಕೊಂಡೇನಿ. ಮನಿ ಹ್ಯಾಂಗ ನಡಸೂದು, ಒಬ್ಬಾಕಿ ಹ್ಯಾಂಗ ಇರೂದು, ಎಲ್ಲಾ ಹೊಂದಿಸ್ಕೊಂಡೇನಿ. ಮತ್ತ ಅದನ್ನ ಯಾಕ ತಿರುವಿ ಹಾಕ್ತೀರಿ? ನನ್ನ ಕೈಲೆ ಆಗಂಗಿಲ್ರಿ. ಬ್ಯಾಡ ಅಂದ್ರ ಬ್ಯಾಡ!"

ನ್ಯಾಯಾಧೀಶರು ಪರದೆ ನೋಡಿದರು, ಅಕ್ಕಪಕ್ಕದವರ ಜೊತೆ ಪಿಸುಗುಟ್ಟಿದರು. ವಿಭಾ ಸಭೆಯಲ್ಲಿ ಹೇಳಿದ್ದ ಮಾತು ನನಗೆ ಆಗ ಅರ್ಥವಾಯಿತು. ಒಮ್ಮೆ ಒಪ್ಪಿಕೊಂಡದ್ದನ್ನು ಅವರು ಬಿಡುವುದೇ ಇಲ್ಲ. ಅವಳ ಮಿದುಳಿಗೆ ಈಗ ನನ್ನ ಸಾವೇ ಸರಿ, ನಾನು ಬದುಕುವುದೇ ಆಗಬಾರದ ಬದಲಾವಣೆ. ವಾರ್ಡ್‌ಬಾಯ್‌ಗಳಿಗೆ ಲಿಫ್ಟ್ ಹೇಗೋ ಹಾಗೆ.

"ಆಕೆ ನಿರಾಕರಿಸಿದ್ದಾರೆ. ಗೆರೆಯೂ ಹಾಗೇ ಹೇಳುತ್ತಿದೆ" ಎಂದರು ನ್ಯಾಯಾಧೀಶರು. "ಆಕೆಗೆ ಸ್ವಂತ ಮನಸ್ಸಿದೆ ಎಂಬುದು ಸಾಬೀತಾಗಿದೆ. ಆದ್ದರಿಂದ ಆಕೆಯ ಮಾತನ್ನು ನಾವು ಗೌರವಿಸಬೇಕು."

"ಅದ್ಹೆಂಗ್ರೀ!" ಎಂದು ಕಿರುಚಿದವನು ನಾನು. "ಆಕಿದಲ್ರಿ ಆ ಮಾತು, ಪಟ್ಟಿದು! ನಿಮ್ಮ ಗೆರಿಗೆ ಬೆಂಕಿ ಹಚ್ಚ, ಆಕಿ ನನ್ನ ಸಲುವಾಗಿ ಹಾಕ್ಕೊಂಡಾಕಿರಿ ಅದನ್ನ!"

ರೆಹಾನಾ ಮೇಡಂ ನನ್ನ ಪರವಾಗಿ ವಾದ ಮಾಡಿದರು, ಬಹಳ ಹೊತ್ತು ಮಾಡಿದರು. ಪಟ್ಟಿಯಿಂದ ಬಂದ ಹೂಂ ನಡೆಯುವುದಿಲ್ಲ ಎಂದ ಮೇಲೆ ಪಟ್ಟಿಯಿಂದ ಬಂದ ಬ್ಯಾಡವೂ ನಡೆಯಬಾರದಲ್ಲವೇ ಎಂದರು. ಕಾನೂನಿನಲ್ಲಿ ಹಾಗೆ ಬರೆದಿಲ್ಲ ಎಂದರು ನ್ಯಾಯಾಧೀಶರು. ಬ್ಯಾಡ ಎಂದವರ ದೇಹಕ್ಕೆ ಕತ್ತಿ ಹಚ್ಚಲು ಯಾವ ಕಾನೂನೂ ಬಿಡುವುದಿಲ್ಲ. ಬಿಡಬಾರದು ಕೂಡ ಎಂದು ನನಗೂ ಗೊತ್ತು, ಅದೇ ನನ್ನ ಬಾಯಿ ಕಟ್ಟಿಹಾಕಿತು. ವಿಭಾ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಅವಳಿಗೂ ಪಟ್ಟಿ ಇರಲಿಲ್ಲವಲ್ಲ.

ಹೊರಗೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತೆವು. ದಾನಮ್ಮ ಚೀಲದಿಂದ ಬಾಟಲಿ ತೆಗೆದು, ನನಗೆ ಕುಡಿಯಲು ಅಪ್ಪಣೆ ಇದ್ದ ಎರಡು ಗುಟುಕು ನೀರನ್ನು ಮುಚ್ಚಳದಲ್ಲಿ ಅಳೆದು ಕೊಟ್ಟಳು. ಅವಳ ಮುಖ ಮತ್ತೆ ತಿಳಿಯಾಗಿತ್ತು.

"ದಾನಿ, ಖರೇ ಹೇಳು. ಬ್ಯಾಡ ಅಂದದ್ದು ಪಟ್ಟಿನೋ, ನೀನೋ?"

ಅವಳು ನಿಜವಾಗಿ ಯೋಚಿಸಿದಳು. ಕಳೆದುಹೋದ ಸಾಮಾನು ಹುಡುಕುವವರ ಹಾಗೆ ಹುಬ್ಬು ಕೂಡಿಸಿಕೊಂಡು ಬಹಳ ಹೊತ್ತು ಒಳಗೆಲ್ಲ ಹುಡುಕಾಡಿದಳು.

"ನಂಗೂ ಗೊತ್ತಾಗವಲ್ದುರೀ" ಎಂದಳು ಕೊನೆಗೆ.

ಬಸ್ಸು ಬಂತು. ಕೈ ಹಿಡಿದು ಹತ್ತಿಸಿ, ಗಾಳಿ ಬರಲೆಂದು ಕಿಟಕಿಯ ಕಡೆ ಕೂರಿಸಿದಳು. ಬಸ್ಸು ತಿರುವು ದಾಟುವ ಹೊತ್ತಿಗೆ ನನ್ನಿಂದ ತಡೆಯಲಾಗಲಿಲ್ಲ. ಅತ್ತೆ. ಮಂದಿ ನೋಡುತ್ತಾರೆ ಎಂಬ ನಾಚಿಕೆಯೂ ಇಲ್ಲದೆ, ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ, ದನಿ ತೆಗೆದು ಅತ್ತೆ. ದಾನಮ್ಮ ನನ್ನ ಬೆನ್ನು ಸವರುತ್ತಿದ್ದಳು. ಮುಂದೆ ಕೂತ ಹೆಂಗಸು ಗಾಬರಿಯಾಗಿ ತಿರುಗಿ, "ಯಾಕವಾ ಯಕ್ಕಾ, ಏನಾತು ಅವ್ರಿಗೆ?" ಎಂದು ಕೇಳಿದಳು.

"ಏನಿಲ್ಲವಾ," ಎಂದಳು ನನ್ನ ಹೆಂಡತಿ, ಮೆಲ್ಲಗೆ, ನನಗೆ ನೋವಾಗದ ಹಾಗೆ. "ಇವರದು ಇನ್ನೂ ಒಪ್ಪಿಗಿ ಆಗಿಲ್ಲ."